ಶಾಸನ ತಪ್ಪೋ, ಲ್ಯಾಬ್ ತಪ್ಪೋ? ಗುಡಿಯ ತೊಲೆ ಹೇಳುವ ವಯಸ್ಸು

ಪ್ರಶ್ನೆ: ನಮ್ಮ ಗುಡಿಯ ದುರಸ್ತಿ ವೇಳೆ ಮಂಟಪದ ಹಳೆಯ ಮರದ ತೊಲೆಯೊಂದನ್ನು ಇಳಿಸಿದೆವು. ಅದರ ನಟ್ಟನಡುವಿನಿಂದ ಒಂದು ತುಂಡು ಕೊಯ್ದು ರೇಡಿಯೋಕಾರ್ಬನ್ ಪರೀಕ್ಷೆಗೆ ಕಳಿಸಿದೆವು. ವರದಿಯಲ್ಲಿ ‘950 ± 30 ಬಿಪಿ’ ಎಂದಿದೆ. ಅದರ ಕೆಳಗೆ ‘ಕ್ರಿ.ಶ. 1025–1160’ ಎಂಬ ಇನ್ನೊಂದು ಲೆಕ್ಕ ಇದೆ. ಆದರೆ ಶಾಸನದ ಪ್ರಕಾರ ಗುಡಿ ಕಟ್ಟಿಸಿದ್ದು 1198ರಲ್ಲಿ. ಸಮಿತಿಯವರು ‘ಸಾವಿರ ವರ್ಷದ ಗುಡಿ’ ಎಂದು ಬೋರ್ಡ್ ಬರೆಸಲು ಹೊರಟಿದ್ದಾರೆ. ಶಾಸನ ತಪ್ಪೋ, ಲ್ಯಾಬ್ ತಪ್ಪೋ? ಮರದ ಬದಲು ಕಲ್ಲನ್ನೇ ಪರೀಕ್ಷೆ ಮಾಡಿಸಿದ್ದರೆ ಸರಿಯಾಗುತ್ತಿತ್ತಾ?

ಉತ್ತರ: ಮೊದಲು ಬೋರ್ಡ್ ಬರೆಯುವವರಿಗೆ ಸ್ವಲ್ಪ ದಿನ ತಡೆಯಲು ಹೇಳಿ. ನೀವು ಕೊಟ್ಟ ವಿವರ ನೋಡಿದರೆ ಶಾಸನವೂ ಸರಿ, ಲ್ಯಾಬೂ ಸರಿ. ಎಡವಟ್ಟಾಗಿರುವುದು ‘ನಟ್ಟನಡುವಿನಿಂದ’ ಎಂಬ ಒಂದು ಪದದಲ್ಲಿ.

ಕಲ್ಲಿನ ಮಾತು ಬೇಗ ಮುಗಿಸಿಬಿಡುತ್ತೇನೆ. ಈ ಪರೀಕ್ಷೆ ನಡೆಯುವುದು ಒಂದು ಕಾಲಕ್ಕೆ ಜೀವ ಇದ್ದ ವಸ್ತುವಿನ ಮೇಲೆ. ಮರ, ಇದ್ದಿಲು, ಕಾಳು, ಮೂಳೆ, ಬಟ್ಟೆ, ಇಂಥವು. ಗ್ರಾನೈಟ್ ಕಂಬಕ್ಕೆ ಯಾವತ್ತೂ ಜೀವ ಇರಲಿಲ್ಲ. ಬೇರೆ ವಿಧಾನದಲ್ಲಿ ಆ ಕಲ್ಲಿನ ವಯಸ್ಸು ಅಳೆದರೂ ಬರುವುದು ಬಂಡೆ ಹುಟ್ಟಿದ ಕಾಲ, ಕೋಟಿಗಟ್ಟಲೆ ವರ್ಷಗಳ ಲೆಕ್ಕ. ಶಿಲ್ಪಿ ಉಳಿ ಇಟ್ಟ ದಿನ ಅದರಲ್ಲಿ ದಾಖಲಾಗಿರುವುದಿಲ್ಲ. ‘ಕಲ್ಲಿನ ವಿಗ್ರಹಕ್ಕೆ ಕಾರ್ಬನ್ ಡೇಟಿಂಗ್ ಮಾಡಿಸಿದರು, ಎಪ್ಪತ್ತು ಸಾವಿರ ವರ್ಷ ಬಂತು’ ಎಂಬಂಥ ಮೆಸೇಜ್ ನಿಮಗೂ ಬಂದಿರಬಹುದು. ಮರವೇ ಆದರೂ ಈ ವಿಧಾನ ಸುಮಾರು 50,000 ವರ್ಷ ದಾಟಿದರೆ ಕೈಚೆಲ್ಲುತ್ತದೆ. ಇನ್ನು ಕಲ್ಲಿಗೆ ಎಲ್ಲಿಂದ ಬರಬೇಕು?

ಈಗ ಮರಕ್ಕೆ ಬರೋಣ.

ಬಾಹ್ಯಾಕಾಶದಿಂದ ಕಾಸ್ಮಿಕ್ ಕಿರಣಗಳು ಬಂದು ಬಡಿದಾಗ ಮೇಲಿನ ಗಾಳಿಯಲ್ಲಿರುವ ನೈಟ್ರೋಜನ್‌ನ ಒಂದಿಷ್ಟು ಪಾಲು ಕಾರ್ಬನ್-14 ಎಂಬ ಅಪರೂಪದ ಬಗೆಯ ಕಾರ್ಬನ್ ಆಗಿ ಬದಲಾಗುತ್ತದೆ. ಅದು ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಎಲೆಯ ಮೂಲಕ ಮರದೊಳಗೆ ಹೋಗುತ್ತದೆ. ಪ್ರಮಾಣ ಎಷ್ಟು ಅಂದರೆ, ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಲ್ಲಿ ಒಂದು. ಈ ಕಾರ್ಬನ್-14 ಅಸ್ಥಿರ, ತಾನಾಗಿ ಒಡೆದು ಮತ್ತೆ ನೈಟ್ರೋಜನ್ ಆಗುತ್ತದೆ. ಇದ್ದದ್ದು ಅರ್ಧಕ್ಕೆ ಇಳಿಯಲು ಸುಮಾರು 5,730 ವರ್ಷ ಬೇಕು. ಎಷ್ಟು ಉಳಿದಿದೆ ಎಂದು ಎಣಿಸಿದರೆ, ಹೊಸ ಕಾರ್ಬನ್ ಒಳಬರುವುದು ನಿಂತು ಎಷ್ಟು ಕಾಲ ಆಯಿತು ಎಂದು ಲೆಕ್ಕ ಹಾಕಬಹುದು. ಇದನ್ನು 1940ರ ದಶಕದ ಕೊನೆಯಲ್ಲಿ ಮಾಡಿ ತೋರಿಸಿದವರು ಅಮೆರಿಕದ ವಿಲ್ಲರ್ಡ್ ಲಿಬ್ಬಿ. 1960ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಶುರುವಿನಲ್ಲೇ ಅಳೆದ ಮಾದರಿಗಳಲ್ಲಿ ಒಂದು ಈಜಿಪ್ಟಿನ ಸಕ್ಕಾರದಲ್ಲಿರುವ ದೊರೆ ಜೋಸರ್‌ನ ಸಮಾಧಿಯ ಮರ. ಅಂದರೆ ಈ ವಿದ್ಯೆ ಕಣ್ಣು ಬಿಟ್ಟದ್ದೇ ನಿಮ್ಮ ತೊಲೆಯಂಥ ತುಂಡಿನ ಮೇಲೆ.

ಇಲ್ಲಿ ಎಲ್ಲರೂ ಒಂದು ಕಡೆ ಜಾರುತ್ತಾರೆ. ‘ಮರ ಸತ್ತ ಮೇಲೆ ಗಡಿಯಾರ ಶುರುವಾಗುತ್ತದೆ’ ಎಂದು ಓದಿರುತ್ತೇವೆ, ಅಲ್ವಾ? ಪ್ರಾಣಿಗಳಿಗಾದರೆ ಆ ಮಾತು ಬಹುಪಾಲು ಸರಿ. ಮರದ ಕತೆ ಬೇರೆ. ಮರ ಬೆಳೆಯುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ ಮಾತ್ರ. ಈ ವರ್ಷದ ಉಂಗುರ ಕಟ್ಟಿ ಮುಗಿಯಿತು ಅಂದರೆ ಅದರ ಲೆಕ್ಕ ಅಲ್ಲಿಗೆ ಮುಚ್ಚಿತು. ಮುಂದಿನ ವರ್ಷದ ಗಾಳಿಯ ಕಾರ್ಬನ್ ಹೊಸ ಉಂಗುರಕ್ಕೆ ಹೋಗುತ್ತದೆ, ಹಳೆಯದಕ್ಕೆ ಇಳಿಯುವುದಿಲ್ಲ. ಹಾಗಾಗಿ 200 ವರ್ಷದ ಮರವೊಂದನ್ನು ಇವತ್ತು ಬೆಳಿಗ್ಗೆ ಕಡಿದು, ಸಂಜೆ ಅದರ ನಡುವಿನ ಚೇಗನ್ನು ಲ್ಯಾಬ್‌ಗೆ ಕೊಟ್ಟರೆ ಉತ್ತರ ‘200 ವರ್ಷ ಹಳೆಯದು’ ಎಂದೇ ಬರುತ್ತದೆ. ಎಲೆ ಇನ್ನೂ ಬಾಡಿರುವುದಿಲ್ಲ. ಲ್ಯಾಬಿನ ಕಡೆ ಬೊಟ್ಟು ತೋರಿಸುವಂತಿಲ್ಲ. ಕೇಳಿದ ಉಂಗುರದ ವಯಸ್ಸನ್ನು ಅದು ಸರಿಯಾಗಿಯೇ ಹೇಳಿದೆ.

ನಿಮ್ಮ ತೊಲೆಗೆ ಇದನ್ನು ಹಚ್ಚಿ ನೋಡೋಣ. ತೊಲೆ ಎಷ್ಟು ದಪ್ಪ ಎಂದು ನೀವು ಬರೆದಿಲ್ಲ. ಒಂದಡಿ ಅಂದುಕೊಳ್ಳುತ್ತೇನೆ. ನಟ್ಟನಡುವಿನಿಂದ ಅಂಚಿಗೆ 15 ಸೆಂಟಿಮೀಟರ್. ಮರ ವರ್ಷಕ್ಕೆ 2 ಮಿಲಿಮೀಟರ್ ದಪ್ಪವಾಗಿದ್ದರೆ ಅಷ್ಟರಲ್ಲಿ 75 ಉಂಗುರ. ನಿಧಾನಕ್ಕೆ ಬೆಳೆಯುವ ಗಟ್ಟಿ ಮರ, ವರ್ಷಕ್ಕೆ 1 ಮಿಲಿಮೀಟರ್ ಅಂದರೆ 150 ಉಂಗುರ. ಈಗ ವರದಿಯ 1025–1160ಕ್ಕೆ 75 ಸೇರಿಸಿ: 1100–1235. 150 ಸೇರಿಸಿ: 1175–1310. ಎರಡರಲ್ಲೂ 1198 ಆರಾಮಾಗಿ ಕೂರುತ್ತದೆ. ಶಾಸನದ ಜೊತೆ ಜಗಳವೇ ಇಲ್ಲ.

ಇಷ್ಟೂ ಸಾಲದು. ಬಡಗಿಗಳು ತೊಲೆ ಮಾಡುವಾಗ ಮರವನ್ನು ಚೌಕ ಮಾಡುತ್ತಾರೆ. ತೊಗಟೆಯ ಒಳಗಿನ ಬೆಳ್ಳಗಿನ ಎಳೆ ಮರವನ್ನು ಕೆತ್ತಿ ಎಸೆಯುತ್ತಾರೆ, ಯಾಕೆಂದರೆ ಹುಳ, ಗೆದ್ದಲು ಮೊದಲು ಬೀಳುವುದು ಅದಕ್ಕೇ. ಒಳ್ಳೆ ಕೆಲಸಗಾರ ಅದನ್ನು ಜಾಸ್ತಿಯೇ ಕೆತ್ತುತ್ತಾನೆ. ಅಂದರೆ ಮರ ಕಡಿದ ವರ್ಷವನ್ನು ಹೇಳಬಲ್ಲ ಉಂಗುರಗಳು ಬಡಗಿಯ ಕಾಲ ಕೆಳಗಿನ ಚಕ್ಕೆಗಳಲ್ಲೇ ಹೋದವು. ತೊಲೆಯ ತೀರಾ ಹೊರಗಿನ ಅಂಚು ಕೂಡ ಕಡಿದ ವರ್ಷಕ್ಕಿಂತ ಹತ್ತಾರು ವರ್ಷ ಹಳೆಯದಿರಬಹುದು. ನಮ್ಮ ಲ್ಯಾಬಿನವರು ಇದನ್ನು ‘ಹಳೆ ಮರದ ತೊಂದರೆ’ ಎನ್ನುತ್ತಾರೆ.

ಈ ತೊಂದರೆಗೆ ದೊಡ್ಡ ದೊಡ್ಡವರೇ ಬಿದ್ದಿದ್ದಾರೆ. ಗ್ವಾಟೆಮಾಲದ ಟಿಕಾಲ್‌ನಲ್ಲಿ ಮಾಯಾ ಜನರ ದೇವಾಲಯಗಳಿವೆ. ಗೋಡೆ ಕಲ್ಲಿನವು, ಬಾಗಿಲ ಮೇಲಿನ ಅಡ್ಡ ತೊಲೆಗಳು ಸಪೋಟ ಮರದವು. ನಾವು ತಿನ್ನುವ ಸಪೋಟವೇ. ಆ ಮರ ಕಬ್ಬಿಣದಷ್ಟು ಗಟ್ಟಿ. ತೊಲೆಗಳ ಮೇಲೆ ಮಾಯಾ ಪಂಚಾಂಗದ ತಾರೀಖು ಕೆತ್ತಿದ್ದಾರೆ. ಆ ಪಂಚಾಂಗವನ್ನು ನಮ್ಮ ಕ್ಯಾಲೆಂಡರಿಗೆ ಹೊಂದಿಸುವುದು ಹೇಗೆ ಎಂಬುದರಲ್ಲಿ ಎರಡು ಪಂಗಡ ಇತ್ತು. ಇಬ್ಬರ ನಡುವಿನ ಅಂತರ ಸುಮಾರು 260 ವರ್ಷ. 1950ರ ದಶಕದ ಮೊದಲ ರೇಡಿಯೋಕಾರ್ಬನ್ ಅಳತೆಗಳು ಹಳೆಯ ತಾರೀಖು ಹೇಳುತ್ತಿದ್ದ ಪಂಗಡದ ಕಡೆ ವಾಲಿದವು. ‘ವಿಜ್ಞಾನವೇ ಹೇಳಿತು, ಇನ್ನೇನು’ ಎಂದವರೂ ಇದ್ದರು. ಆಮೇಲೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಹೆಚ್ಚು ತೊಲೆಗಳನ್ನು, ಮರದ ಯಾವ ಭಾಗ ಎಂದು ಗಮನಿಸಿ ಅಳೆದಾಗ ಉತ್ತರ ಇನ್ನೊಂದು ಪಂಗಡದ ಕಡೆ ತಿರುಗಿತು.

ಅದಕ್ಕೆ ಮೊಳೆ ಹೊಡೆದದ್ದು 2013ರ ಅಧ್ಯಯನ. ಒಂದೇ ತೊಲೆಯ ಒಳಗಿನಿಂದ ಹೊರಕ್ಕೆ ಸಾಲಾಗಿ ನಾಲ್ಕು ತುಣುಕು ತೆಗೆದರು. ಉಷ್ಣವಲಯದ ಎಷ್ಟೋ ಮರಗಳಲ್ಲಿ ಉಂಗುರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಮರದಲ್ಲಿ ಕ್ಯಾಲ್ಸಿಯಂ ವರ್ಷವರ್ಷವೂ ಏರಿಳಿಯುವುದನ್ನು ಅಳೆದು, ತುಣುಕುಗಳ ನಡುವೆ ಎಷ್ಟು ವರ್ಷ ಇದೆ ಎಂದು ಅಂದಾಜು ಮಾಡಿದರು. ಕೊನೆಗೆ ಬಂದ ಉತ್ತರ ಕ್ರಿ.ಶ. 658–696. ತೊಲೆಯ ಮೇಲೆ ಕೆತ್ತಿರುವುದು ದೊರೆ ಜಸಾವ್ ಚಾನ್ ಕವೀಲ್ ಶತ್ರುವನ್ನು ಸೋಲಿಸಿದ ಕತೆ. ಹೆಚ್ಚಿನವರು ಒಪ್ಪುವ ಲೆಕ್ಕದಲ್ಲಿ ಅದು 695ರ ಘಟನೆ. ಮರ, ಬರಹ ಎರಡೂ ಒಂದೇ ಮಾತಾಡಿದವು. ಯಂತ್ರ ಸುಧಾರಿಸಿದ್ದು ನಿಜ. ನನ್ನ ಮಟ್ಟಿಗೆ, ಗೆಲುವು ಬಂದದ್ದು ತುಣುಕನ್ನು ಎಲ್ಲಿಂದ ತೆಗೆಯಬೇಕು ಎಂದು ಯೋಚಿಸಿದ್ದರಿಂದ.

ಈಜಿಪ್ಟಿನ ಪಿರಮಿಡ್ಡುಗಳಲ್ಲೂ ಇದೇ ಆಯಿತು. ಗಾರೆಯಲ್ಲಿ ಸಿಕ್ಕ ಇದ್ದಿಲನ್ನು 1984ರಲ್ಲಿ ಅಳೆದಾಗ ಇತಿಹಾಸದ ಲೆಕ್ಕಕ್ಕಿಂತ ಸರಾಸರಿ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಹಳೆಯದು ಎಂದು ಬಂತು. 1995ರಲ್ಲಿ ಮತ್ತೆ ಅಳೆದಾಗ ಅಂತರ 100–200 ವರ್ಷಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಸಂಶೋಧಕರು ಕೊಟ್ಟ ವಿವರಣೆ: ಮರ ಕಮ್ಮಿ ಇರುವ ನಾಡು, ಒಲೆಗೆ ಸಿಕ್ಕಿದ ಹಳೆಯ ಮರವನ್ನೆಲ್ಲ ಉರಿಸಿದ್ದಾರೆ.

ನಾನೂ ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳೆಯ ಬಾಗಿಲ ಚೌಕಟ್ಟಿನಿಂದ ಮಾದರಿ ತೆಗೆಯಲು ಕಳಿಸಿದ್ದರು. ಹೊರ ಅಂಚು ಪುಡಿಪುಡಿ, ಹುಳ ತಿಂದ ತೂತುಗಳು. ಒಳಗಿನ ಚೇಗು ಮಾತ್ರ ಮಿರಮಿರ ಮಿಂಚುತ್ತಿತ್ತು. ಅಂಥ ಚೆಂದದ ತುಂಡು ಬಿಟ್ಟು ಪುಡಿ ಯಾಕೆ ಎಂದು ಚೇಗನ್ನೇ ತಂದೆ. ನಮ್ಮ ಹಿರಿಯರು ಅದನ್ನು ಬೆಳಕಿಗೆ ಹಿಡಿದು ನೋಡಿ, ‘ನೀನು ತಂದಿರೋದು ಈ ಮರದ ಬಾಲ್ಯ’ ಎಂದರು. ಮತ್ತೆ ಬಸ್ ಹತ್ತಿ ಹೋಗಿ ಆ ಪುಡಿ ಅಂಚನ್ನೇ ಚಿಮಟದಲ್ಲಿ ಹೆಕ್ಕಿ ತಂದೆ.

ಇನ್ನೊಂದು ಸಾಧ್ಯತೆಯನ್ನೂ ಮರೆಯಬೇಡಿ. ಒಳ್ಳೆ ತೊಲೆಯನ್ನು ಯಾರೂ ಬಿಸಾಡುವುದಿಲ್ಲ. ಹಳೆ ಕಟ್ಟಡ ಬಿದ್ದರೆ ಅದರ ಮರ ಹೊಸದಕ್ಕೆ ಬರುತ್ತದೆ. ಜಪಾನಿನ ಹೊರ್ಯೂಜಿ ದೇವಾಲಯದ ಐದಂತಸ್ತಿನ ಗೋಪುರ ಜಗತ್ತಿನಲ್ಲಿ ಇಂದಿಗೂ ನಿಂತಿರುವ ಅತಿ ಹಳೆಯ ಮರದ ಕಟ್ಟಡಗಳಲ್ಲಿ ಒಂದು. 670ರಲ್ಲಿ ದೇವಾಲಯ ಸುಟ್ಟು ಹೋಯಿತು ಎಂದು ಜಪಾನಿನ ಹಳೆಯ ಚರಿತ್ರೆಯಲ್ಲಿದೆ. ಈಗಿರುವ ಗೋಪುರ ಆಮೇಲೆ ಎದ್ದದ್ದು. ಆದರೆ ನಡುಗಂಬದ ಉಂಗುರಗಳನ್ನು ಎಕ್ಸ್-ರೇ ತೆಗೆದು ಎಣಿಸಿದಾಗ ಆ ಮರ ಕಡಿದದ್ದು 594ರಲ್ಲಿ ಎಂದು 2001ರಲ್ಲಿ ಪ್ರಕಟಿಸಿದರು. ಎಲ್ಲರೂ ತಲೆ ಕೆರೆದುಕೊಂಡರು. ಬೇರೆ ಕಟ್ಟಡದಿಂದ ಬಂತೋ, ಕಡಿದು ಸುಮ್ನೆ ಇಟ್ಟಿದ್ದರೋ, ಇವತ್ತಿಗೂ ವಾದ ಇದೆ. ಆ ನಡುಗಂಬ ಒಂದನ್ನೇ ನಂಬಿದ್ದರೆ ಗೋಪುರಕ್ಕೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ವಯಸ್ಸು ಸುಮ್ಮನೆ ಸೇರಿಬಿಡುತ್ತಿತ್ತು.

ಹಾಗಂತ ಮರದ ವಯಸ್ಸು ಯಾವಾಗಲೂ ಅನುಮಾನ ಎಂದುಕೊಳ್ಳಬೇಡಿ. ಕಠ್ಮಂಡು ಕಣಿವೆಯ ಹಳೆಯ ವಿಹಾರಗಳಲ್ಲಿ ಸೂರಿಗೆ ಆಸರೆ ಕೊಡುವ ಕೆತ್ತನೆಯ ಮರದ ಊರೆಗಳಿವೆ. ಶೈಲಿ ನೋಡಿ ಇವು ಇಂಥ ಶತಮಾನದವು ಎಂದು ವಿದ್ವಾಂಸರು ಬಹಳ ಕಾಲ ಹೇಳುತ್ತಿದ್ದರು. ರೇಡಿಯೋಕಾರ್ಬನ್‌ಗೆ ಹಾಕಿದಾಗ ಕೆಲವು ಅದಕ್ಕಿಂತ ಶತಮಾನಗಳಷ್ಟು ಹಳೆಯವು ಎಂದು ಬಂತು. ಅಂತರ ಅಷ್ಟು ದೊಡ್ಡದಾದಾಗ ‘ಹಳೆ ಮರ’ ಎಂದು ತಳ್ಳಿಹಾಕುವುದು ಕಷ್ಟ. ಅಲ್ಲೇ ಇರುವ ಕಾಷ್ಠಮಂಡಪ 2015ರ ಭೂಕಂಪದಲ್ಲಿ ಕುಸಿಯಿತು. ಅದನ್ನು 12ನೇ ಶತಮಾನದ ಕಟ್ಟಡ ಎಂದುಕೊಂಡಿದ್ದರು. ಬುಡ ಅಗೆದು ಪರೀಕ್ಷೆ ಮಾಡಿದಾಗ ಅಡಿಪಾಯ 7ನೇ ಶತಮಾನದ್ದು ಎಂದು ಗೊತ್ತಾಯಿತು.

ಈಗ ನಿಮ್ಮ ವರದಿಯ ಅಂಕಿಗಳು. ‘950 ಬಿಪಿ’ ನೋಡಿ ಸಮಿತಿಯವರು ಸಾವಿರ ವರ್ಷ ಎಂದಿರುತ್ತಾರೆ. ಇಲ್ಲಿ ‘ಬಿಪಿ’ ಅಂದರೆ ‘ಈಗಿನಿಂದ ಹಿಂದೆ’. ಆದರೆ ಆ ‘ಈಗ’ ಯಾವತ್ತೂ 1950. ನೀವು ಯಾವ ವರ್ಷ ಪರೀಕ್ಷೆ ಮಾಡಿಸಿದರೂ 1950ರಿಂದಲೇ ಲೆಕ್ಕ. ಸುಮಾರು ಆ ಹೊತ್ತಿಗೆ ಈ ವಿಧಾನ ಬಳಕೆಗೆ ಬಂತು. ಆಮೇಲೆ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯ ಕಾರ್ಬನ್-14 ಕೆಟ್ಟುಹೋಯಿತು. 1963ರ ಸುಮಾರಿಗೆ ಉತ್ತರ ಗೋಳದಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟಾಗಿತ್ತು.

ಹಾಗಾದರೆ 1950ರಲ್ಲಿ 950 ಕಳೆದರೆ ಕ್ರಿ.ಶ. 1000. ಕೆಳಗಿನ ಲೆಕ್ಕ ನೋಡಿ: 1025–1160. ಕಳೆದು ಬಂದ 1000 ಅದರೊಳಗೆ ಇಲ್ಲವೇ ಇಲ್ಲ! ಯಾಕೆ ಅಂದರೆ, ‘950’ ಎಂಬುದು ಹಸಿ ಲೆಕ್ಕ. ಗಾಳಿಯಲ್ಲಿ ಕಾರ್ಬನ್-14 ಯಾವಾಗಲೂ ಒಂದೇ ಸಮ ಇತ್ತು ಎಂದುಕೊಂಡು ಅದನ್ನು ತೆಗೆಯುತ್ತಾರೆ. ಅದರಲ್ಲೂ ಲಿಬ್ಬಿ ಕಾಲದ ಹಳೆಯ ಅರ್ಧಾಯುಷ್ಯ 5,568 ವರ್ಷವನ್ನೇ ಇವತ್ತಿಗೂ ಬಳಸುತ್ತಾರೆ. ಆ ಅಂಕಿ ತಪ್ಪು ಎಂದು ಗೊತ್ತು. ಆದರೂ ಹಳೆಯ, ಹೊಸ ವರದಿಗಳನ್ನು ಹೋಲಿಸಲು ಸುಲಭವಾಗಲಿ ಎಂದು ಎಲ್ಲ ಲ್ಯಾಬ್‌ಗಳೂ ಹಾಗೇ ಉಳಿಸಿಕೊಂಡಿವೆ. ಸರಿಪಡಿಸುವ ಕೆಲಸ ಮುಂದಿನ ಹಂತದ್ದು.

ಗಾಳಿಯಲ್ಲಿ ಕಾರ್ಬನ್-14 ಏರಿಳಿಯುತ್ತದೆ ಎಂದು 1958ರಲ್ಲೇ ಡಚ್ ವಿಜ್ಞಾನಿ ಹೆಸೆಲ್ ಡಿ ವ್ರೀಸ್ ತೋರಿಸಿದ್ದರು. ಸೂರ್ಯನ ಆಟ, ಭೂಮಿಯ ಕಾಂತಕ್ಷೇತ್ರದ ಬದಲಾವಣೆ, ಹೀಗೆ ಕಾರಣ ಹಲವು. ಸರಿಪಡಿಸುವುದಕ್ಕೂ ಮರವೇ ಬೇಕಾಯಿತು. ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ ನಾಲ್ಕು ಸಾವಿರ ವರ್ಷ ದಾಟಿದ ಬ್ರಿಸಲ್‌ಕೋನ್ ಪೈನ್ ಮರಗಳಿವೆ. ಅವುಗಳ ಒಂದೊಂದೇ ಉಂಗುರ ಎಣಿಸಿ, ಇಂಥ ವರ್ಷದ ಉಂಗುರದಲ್ಲಿ ಇಷ್ಟು ಕಾರ್ಬನ್-14 ಎಂದು ಪಟ್ಟಿ ಮಾಡಿದರು. ಸತ್ತ ಮರ, ಕೆಸರಲ್ಲಿ ಹೂತ ಮರಗಳನ್ನೂ ಸೇರಿಸಿ ಈ ಪಟ್ಟಿ 12,000 ವರ್ಷ ಹಿಂದಿನವರೆಗೂ ಹೋಗಿದೆ. ಅದಕ್ಕಿಂತ ಹಿಂದಕ್ಕೆ ಕೆರೆ ತಳದ ಕೆಸರು, ಗುಹೆಯೊಳಗಿನ ಸುಣ್ಣದ ಕಂಬಗಳ ನೆರವು ಪಡೆದು 2020ರಲ್ಲಿ ಬಂದ ಪಟ್ಟಿ 55,000 ವರ್ಷ ಮುಟ್ಟುತ್ತದೆ. ನಿಮ್ಮ 950ನ್ನು ಈ ಪಟ್ಟಿಗೆ ಹಿಡಿದಾಗ ಸಿಕ್ಕಿದ್ದೇ 1025–1160. ಆ ಶತಮಾನದ ಗಾಳಿಯಲ್ಲಿ ಕಾರ್ಬನ್-14 ನೂರಕ್ಕೆ ಒಂದು, ಒಂದೂವರೆಯಷ್ಟು ಕಮ್ಮಿ ಇತ್ತು. ಅದಕ್ಕೇ ಹಸಿ ಲೆಕ್ಕ ಹಳೆಯದಾಗಿ ಕಂಡಿತು. ಈ ಕೆಲಸದಲ್ಲಿ ನೂರಕ್ಕೆ ಒಂದು ಅಂದರೆ ಹೆಚ್ಚುಕಮ್ಮಿ 80 ವರ್ಷ.

ಈ ಏರಿಳಿತ ಕೆಲವು ಕಾಲಗಳಲ್ಲಿ ಬಹಳ ಕಾಡುತ್ತದೆ. ಕ್ರಿ.ಪೂ. 800ರಿಂದ 400ರವರೆಗೆ ಆ ಪಟ್ಟಿಯನ್ನು ಗ್ರಾಫ್ ಮಾಡಿದರೆ ಬರುವ ಗೆರೆ ಹೆಚ್ಚುಕಮ್ಮಿ ಚಪ್ಪಟೆ. ಆ ನಾಲ್ಕು ನೂರು ವರ್ಷದಲ್ಲಿ ಯಾವಾಗ ಬೆಳೆದ ಮರವಾದರೂ ಹಸಿ ಲೆಕ್ಕ ಒಂದೇ ಥರ ಬರುತ್ತದೆ. ಲುಂಬಿನಿಯ ಮಾಯಾದೇವಿ ಗುಡಿಯ ಇಟ್ಟಿಗೆ ಕಟ್ಟಡದ ಕೆಳಗೆ ಮರದ ಕಂಬ ನೆಟ್ಟ ಗುಂಡಿಗಳು ಸಿಕ್ಕಿವೆ ಎಂದು 2013ರಲ್ಲಿ ಸುದ್ದಿಯಾಯಿತು, ನೆನಪಿದೆಯಾ? ಅಲ್ಲಿನ ಇದ್ದಿಲು ಕೊಟ್ಟ ಕಾಲ ಸುಮಾರು ಕ್ರಿ.ಪೂ. 800ರಿಂದ 545. ಬುದ್ಧನ ಕಾಲ ನಿರ್ಣಯ ಮಾಡಲು ಹೊರಟವರಿಗೆ ಇದು ಬಹಳ ಅಗಲವಾಯಿತು. ಮಣ್ಣಿನ ಕಣಗಳು ಕೊನೆಯ ಬಾರಿ ಬಿಸಿಲು ಕಂಡ ಕಾಲವನ್ನು ಹೇಳುವ ಬೇರೊಂದು ವಿಧಾನವನ್ನೂ ಜೊತೆಗಿಟ್ಟು ಆ ತಂಡ ಕ್ರಿ.ಪೂ. 6ನೇ ಶತಮಾನ ಎಂದು ವಾದಿಸಿತು. ನಿಮ್ಮ ಪುಣ್ಯ, ನಿಮ್ಮ ತೊಲೆ ಅಂಥ ಚಪ್ಪಟೆ ಜಾಗದಲ್ಲಿ ಬಿದ್ದಿಲ್ಲ.

‘± 30’ ಎಂದರೆ ಯಂತ್ರದ ಎಣಿಕೆಯ ಹಿಗ್ಗು ಕುಗ್ಗು ಮಾತ್ರ. ಮರದ ನಡುವಿನಿಂದ ತೆಗೆದದ್ದೋ ಅಂಚಿನಿಂದಲೋ ಎಂಬುದು ಅದರಲ್ಲಿ ಸೇರಿಲ್ಲ. ಮರಕ್ಕೆ ಎಣ್ಣೆ ಹಚ್ಚಿದ್ದರೋ ಎಂಬುದೂ ಸೇರಿಲ್ಲ.

ಎಣ್ಣೆಯ ಮಾತು ಬಂತಲ್ಲ, ಲ್ಯಾಬಿನೊಳಗೆ ನಿಮ್ಮ ತುಂಡಿಗೆ ಏನಾಯಿತು ಎಂದು ಹೇಳಿಬಿಡುತ್ತೇನೆ. ಮೊದಲು ಹೊರ ಮೈಯನ್ನು ಚಾಕುವಿನಲ್ಲಿ ಹೆರೆದು ತೆಗೆಯುತ್ತಾರೆ. ಒಳಗಿನದನ್ನು ಬೆಂಕಿಕಡ್ಡಿಗಿಂತ ಸಣ್ಣ ಚೂರು ಮಾಡಿ ಗಾಜಿನ ಕೊಳವೆಗೆ ಹಾಕುತ್ತಾರೆ. ಬಿಸಿ ಆಸಿಡ್‌ನಲ್ಲಿ ಒಮ್ಮೆ, ಕ್ಷಾರದಲ್ಲಿ ಒಮ್ಮೆ, ಮತ್ತೆ ಆಸಿಡ್‌ನಲ್ಲಿ. ಕ್ಷಾರ ಹಾಕಿದ ಕೂಡಲೇ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮಣ್ಣಿನಿಂದ ಮರಕ್ಕೆ ಇಳಿದಿದ್ದ ಕಸವೆಲ್ಲ ಬಿಟ್ಟುಕೊಳ್ಳುವುದು ಆಗಲೇ. ನೀರು ತಿಳಿಯಾಗುವವರೆಗೂ ಬದಲಾಯಿಸುತ್ತಲೇ ಇರಬೇಕು. ನಂತರ ಬ್ಲೀಚ್ ಮಾಡಿದರೆ ಕೊನೆಗೆ ಉಳಿಯುವುದು ಬೆಳ್ಳಗಿನ ಸೆಲ್ಯುಲೋಸ್. ಕಪ್ಪು ತೊಲೆಯ ತುಂಡು ಹತ್ತಿಯ ನೂಲಿನಂತೆ ಕೊಳವೆಯ ತಳದಲ್ಲಿ ಕೂತಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಬೇಸರ ಬರಿಸಿಲ್ಲ.

ಆ ನೂಲನ್ನು ತಾಮ್ರದ ಆಕ್ಸೈಡ್ ಜೊತೆ ಗಾಳಿಯಿಲ್ಲದ ಕೊಳವೆಯಲ್ಲಿ ಸುಟ್ಟು ಕಾರ್ಬನ್ ಡೈಆಕ್ಸೈಡ್ ಮಾಡುತ್ತಾರೆ. ಅದನ್ನು ಹೈಡ್ರೋಜನ್ ಜೊತೆ ಸೇರಿಸಿ, ಕಬ್ಬಿಣದ ಪುಡಿಯ ಮೇಲೆ ಗ್ರಾಫೈಟ್ ಆಗಿ ಕೂರಿಸುತ್ತಾರೆ. ಪೆನ್ಸಿಲ್ ಕಡ್ಡಿಯ ಪುಡಿಯಂಥದ್ದು, ಸುಮಾರು ಒಂದು ಮಿಲಿಗ್ರಾಂ. ಇವತ್ತಿನ ಒಂದು ಮಿಲಿಗ್ರಾಂ ಕಾರ್ಬನ್‌ನಲ್ಲಿ ಸುಮಾರು 6 ಕೋಟಿ ಕಾರ್ಬನ್-14 ಪರಮಾಣುಗಳಿರುತ್ತವೆ. ಅವುಗಳಲ್ಲಿ ಒಂದು ಒಡೆಯಬೇಕಾದರೆ ಸರಾಸರಿ ಒಂದೂಕಾಲು ಗಂಟೆ ಕಾಯಬೇಕು. ಲಿಬ್ಬಿ ಕಾಲದಲ್ಲಿ ಒಡೆಯುವುದನ್ನು ಕಾದು ಎಣಿಸುತ್ತಿದ್ದರು, ಅದಕ್ಕೇ ಗ್ರಾಂಗಟ್ಟಲೆ ಕಾರ್ಬನ್ ಬೇಕಿತ್ತು. 1970ರ ದಶಕದ ಕೊನೆಯಲ್ಲಿ ವೇಗವರ್ಧಕ ಯಂತ್ರಗಳು ಬಂದ ಮೇಲೆ ಕಾಯುವ ಕೆಲಸ ಇಲ್ಲ, ಪರಮಾಣುಗಳನ್ನೇ ಹಿಡಿದು ಎಣಿಸುತ್ತಾರೆ. ಹಿಂದೆ ತೊಲೆಯಿಂದ ಅಂಗೈಯಗಲದ ತುಂಡು ಕೇಳುತ್ತಿದ್ದ ನಾವು ಈಗ ಅಕ್ಕಿಕಾಳಿನಷ್ಟು ಕೇಳುತ್ತೇವೆ.

ನಿಮ್ಮ ಮರದಲ್ಲಿ ಕಾರ್ಬನ್-14 ಇಂದಿನ ನೂರಕ್ಕೆ ಸುಮಾರು 89ರಷ್ಟು ಉಳಿದಿತ್ತು. ತೊಳೆದ ಮೇಲೂ ಹೊಸ ದೀಪದೆಣ್ಣೆಯ ಕಾರ್ಬನ್ ನೂರಕ್ಕೆ 5 ಪಾಲು ಸೇರಿಕೊಂಡಿದೆ ಅನ್ನಿ. ಆಗ ಮರ ಸುಮಾರು 50 ವರ್ಷ ಚಿಕ್ಕದಾಗಿ ಕಾಣುತ್ತದೆ. ಅಷ್ಟೇನೂ ದೊಡ್ಡ ಅನಾಹುತವಲ್ಲ. ಅದೇ 5 ಪಾಲು ಪೆಟ್ರೋಲಿಯಂನಿಂದ ಬಂದರೆ? ಗೆದ್ದಲು ಔಷಧಿ ಬೆರೆಸುವ ಸೀಮೆಎಣ್ಣೆ, ಟಾರು, ಕೆಲವು ವಾರ್ನಿಷ್, ಅಂಟುಗಳು ಈ ಜಾತಿಯವು. ಕೋಟ್ಯಂತರ ವರ್ಷ ಹಳೆಯ ಆ ಕಾರ್ಬನ್‌ನಲ್ಲಿ ಕಾರ್ಬನ್-14 ಒಂದಿಷ್ಟೂ ಉಳಿದಿರುವುದಿಲ್ಲ. ಆಗ ಮರಕ್ಕೆ 400 ವರ್ಷಕ್ಕೂ ಹೆಚ್ಚು ವಯಸ್ಸು ಸೇರಿಬಿಡುತ್ತದೆ. 12ನೇ ಶತಮಾನದ ತೊಲೆ 8ನೇ ಶತಮಾನಕ್ಕೆ ಹಾರುತ್ತದೆ, ಸಮಿತಿಯವರಿಗೆ ಖುಷಿಯೋ ಖುಷಿ. ಹಾಗಾಗಿ ತೊಲೆಗೆ ಯಾವಾಗಲಾದರೂ ಏನಾದರೂ ಬಳಿದಿದ್ದರೆ ಲ್ಯಾಬ್‌ಗೆ ಮೊದಲೇ ತಿಳಿಸಿ. ಅದಕ್ಕೆ ತಕ್ಕ ದ್ರಾವಕದಲ್ಲಿ ಮೊದಲು ತೊಳೆಯುತ್ತಾರೆ. ಮುಚ್ಚಿಟ್ಟರೆ ಅವರಿಗೆ ತಿಳಿಯುವ ದಾರಿ ಇರುವುದಿಲ್ಲ.

ಹಾಗಾದರೆ ನಿಮ್ಮ ಕೈಲಿರುವ ವರದಿಯಿಂದ ಏನು ಹೇಳಬಹುದು? ಒಂದು ಮಾತು ಧೈರ್ಯವಾಗಿ ಹೇಳಬಹುದು: ಈ ತೊಲೆ 1025ಕ್ಕಿಂತ ಮೊದಲು ಮಂಟಪ ಏರಿರಲು ಸಾಧ್ಯವಿಲ್ಲ. ಇನ್ನೂ ಬೆಳೆಯದ ಮರವನ್ನು ಕಂಬದ ಮೇಲೆ ಕೂರಿಸುವುದು ಹೇಗೆ? ಆ ವರದಿ ಹಾಕುವುದು ಈ ಕಡೆಯ ಗೆರೆ ಮಾತ್ರ. ತೊಲೆ ಎಷ್ಟು ತಡವಾಗಿ ಏರಿತು ಎಂಬುದಕ್ಕೆ ಅದರಲ್ಲಿ ಗೆರೆ ಇಲ್ಲ. ಗುಡಿ ಬೇರೆ, ತೊಲೆ ಬೇರೆ ಎಂಬುದೂ ನೆನಪಿರಲಿ. ಮರದ ಭಾಗಗಳನ್ನು ಕಾಲಕಾಲಕ್ಕೆ ಬದಲಾಯಿಸುತ್ತಲೇ ಇರುತ್ತಾರೆ. ಶಾಸನಕ್ಕಿಂತ ಮರ ಹೊಸದಾಗಿ ಬಂದಿದ್ದರೆ ದುರಸ್ತಿ ಎಂದುಕೊಳ್ಳಬೇಕಿತ್ತು. ಹಳೆಯದಾಗಿ ಬಂದಿರುವುದರಿಂದ ಒಳ ಉಂಗುರ ಅಥವಾ ಮರುಬಳಕೆ ಎಂದು ಮೊದಲು ಅನುಮಾನಿಸಬೇಕು. ಸದ್ಯಕ್ಕೆ ನಿಮ್ಮಲ್ಲಿರುವ ಗಟ್ಟಿ ತಾರೀಖು ಶಾಸನದ 1198. ಬೋರ್ಡ್ ಬರೆಸಲೇಬೇಕಿದ್ದರೆ ಅದನ್ನೇ ಬರೆಸಿ. ಎಂಟು ನೂರು ವರ್ಷ ಏನು ಕಮ್ಮಿಯಾ?

ಇನ್ನೊಮ್ಮೆ ಪರೀಕ್ಷೆ ಮಾಡಿಸುವ ಮನಸ್ಸಿದ್ದರೆ, ಗುಡಿಯ ಉಸ್ತುವಾರಿ ಇರುವ ಇಲಾಖೆಯ ಒಪ್ಪಿಗೆ ಪಡೆದು, ಅದೇ ತೊಲೆಯ ಕೊನೆಯ ಅಡ್ಡ ಮುಖವನ್ನು ಉಜ್ಜಿ ನಯ ಮಾಡಿ. ಉಂಗುರ ಕಾಣುತ್ತವಾ ನೋಡಿ. ತೇಗವಾದರೆ ಸಾಮಾನ್ಯವಾಗಿ ಕಾಣುತ್ತವೆ. ನಡುವಿನಿಂದ ಅಂಚಿಗೆ ಉಂಗುರ ಎಣಿಸುತ್ತಾ ಮೂರು ನಾಲ್ಕು ಕಡೆ ಅಕ್ಕಿಕಾಳಿನಷ್ಟು ತೆಗೆದರೆ ಸಾಕು. ತುಣುಕುಗಳ ನಡುವೆ ಎಷ್ಟು ವರ್ಷ ಎಂದು ಗೊತ್ತಿದ್ದರೆ, ಎಲ್ಲವನ್ನೂ ಒಟ್ಟಿಗೆ ಆ ಪಟ್ಟಿಯ ಗೆರೆಯ ಏರಿಳಿತಕ್ಕೆ ಹೊಂದಿಸಬಹುದು. ಟಿಕಾಲ್‌ನಲ್ಲಿ ಮಾಡಿದ್ದು ಇದನ್ನೇ. 135 ವರ್ಷ ಅಗಲದ ಉತ್ತರ ಕೆಲವೇ ದಶಕಕ್ಕೆ ಇಳಿಯುವ ಅವಕಾಶ ಇದೆ.

ಅದೃಷ್ಟ ನೆಟ್ಟಗಿದ್ದರೆ ಇನ್ನೂ ಹತ್ತಿರ ಹೋಗಬಹುದು. ಜಪಾನಿನ ಫೂಸಾ ಮಿಯಾಕೆ 2012ರಲ್ಲಿ ಒಂದು ವಿಚಿತ್ರ ತೋರಿಸಿದರು. 774ರಿಂದ 775ಕ್ಕೆ ಕಾಲಿಡುವ ಹೊತ್ತಿಗೆ ಮರದ ಉಂಗುರಗಳಲ್ಲಿ ಕಾರ್ಬನ್-14 ದಿಢೀರನೆ ನೂರಕ್ಕೆ ಒಂದಕ್ಕೂ ಹೆಚ್ಚು ಏರಿದೆ. ಸೂರ್ಯನ ಭಾರಿ ಸ್ಫೋಟದಿಂದ ಇರಬೇಕು ಎಂಬುದು ಈಗಿನ ಅಭಿಪ್ರಾಯ. ಅಂಥದ್ದೇ ಇನ್ನೊಂದು 993ರಲ್ಲಿ ಆಗಿದೆ. ಈ ಗುರುತು ಆಗ ಬೆಳೆಯುತ್ತಿದ್ದ ಜಗತ್ತಿನ ಎಲ್ಲ ಮರಗಳಲ್ಲೂ ಇರುತ್ತದೆ. ಆ ಉಂಗುರ ಸಿಕ್ಕಿತೋ, ಅಲ್ಲಿಂದ ತೊಗಟೆಯವರೆಗೆ ಬೆರಳಿಟ್ಟು ಎಣಿಸಿದರೆ ಮುಗಿಯಿತು. ಸ್ವಿಟ್ಜರ್ಲೆಂಡಿನ ಮ್ಯೂಸ್ಟೈರ್‌ನಲ್ಲಿರುವ ಹಳೆಯ ಪ್ರಾರ್ಥನಾ ಮಂದಿರದ ತೊಲೆಯನ್ನು ಹೀಗೆ ಎಣಿಸಿ ಕಡಿದ ವರ್ಷ 785 ಎಂದು ಹೇಳಿದರು. ಕೆನಡಾದಲ್ಲಿ ವೈಕಿಂಗ್‌ಗಳು ಕಡಿದ ಮರಕ್ಕೆ 1021 ಎಂದು ವರ್ಷ ಸಿಕ್ಕಿದ್ದೂ ಹೀಗೇ, 993ರ ಉಂಗುರದಿಂದ 28 ಎಣಿಸಿ. ನಿಮ್ಮ ತೊಲೆಯಲ್ಲಿ ಆ ಉಂಗುರ ಇರುವುದು ಕಷ್ಟ. ನಡುವಿನ ತುಂಡೇ 1025ರ ಈಚೆಗೆ ಬಂದಿದೆ. ಅದಕ್ಕಿಂತ ಹಳೆಯ ತೊಲೆ ಇನ್ನೊಂದು ಇದ್ದರೆ ಹುಡುಕಬಹುದು.

ನಾನು ನಿಮ್ಮ ಜಾಗದಲ್ಲಿದ್ದರೆ ದೊಡ್ಡ ತೊಲೆ ಬಿಟ್ಟು ಸಣ್ಣಪುಟ್ಟದ್ದನ್ನು ಹುಡುಕುತ್ತಿದ್ದೆ. ಹಳೆಯ ಸುಣ್ಣದ ಗಾರೆಯಲ್ಲಿ ಹುಲ್ಲು, ಹೊಟ್ಟು, ಎಳೆ ಕಡ್ಡಿಯ ಇದ್ದಿಲು ಸಿಕ್ಕರೆ ಅದರ ಆಯಸ್ಸು ಒಂದೆರಡು ವರ್ಷವಷ್ಟೇ, ‘ಹಳೆ ಮರದ ತೊಂದರೆ’ ಬರುವುದಿಲ್ಲ. ಸುಣ್ಣದ ಗಾರೆಯೇ ಗಟ್ಟಿಯಾಗುವಾಗ ಗಾಳಿಯ ಕಾರ್ಬನ್ ಹೀರಿಕೊಳ್ಳುತ್ತದೆ. ಫಿನ್‌ಲೆಂಡಿನ ಓಲಾಂಡ್ ದ್ವೀಪಗಳ ಹಳೆಯ ಚರ್ಚುಗಳ ಕಾಲವನ್ನು ಆ ಗಾರೆಯಿಂದಲೇ ಲೆಕ್ಕ ಹಾಕಿದ್ದಾರೆ. ಕಾಂಬೋಡಿಯದ ಆಂಕೋರ್‌ನ ಬಾಫುವೊನ್ ದೇವಾಲಯದಲ್ಲಂತೂ ಕಲ್ಲುಗಳನ್ನು ಬಿಗಿದ ಕಬ್ಬಿಣದ ಕೊಂಡಿಗಳಿಂದ ಕಾರ್ಬನ್ ತೆಗೆದಿದ್ದಾರೆ. ಕಬ್ಬಿಣ ಕಾಯಿಸಿದ ಕುಲುಮೆಯ ಇದ್ದಿಲು ಒಂದಿಷ್ಟು ಆ ಲೋಹದೊಳಗೇ ಉಳಿದಿರುತ್ತದೆ.

ಇನ್ನೊಂದು ವಸ್ತು ಇದೆ, ದುರಸ್ತಿಯ ಗಲಾಟೆಯಲ್ಲಿ ಎಲ್ಲರೂ ಬಿಸಾಡುವುದು ಅದನ್ನೇ. ತೊಲೆ ಕಂಬಕ್ಕೆ ಕೂರುವ ಕಡೆ ಬಡಿದಿರುವ ಮರದ ಬೆಣೆ, ಗೂಟ. ಅದನ್ನು ಎಷ್ಟೋ ಸಲ ಎಳೆಯ ಕೊಂಬೆಯಿಂದ ಮಾಡಿರುತ್ತಾರೆ, ಕೆಲವೊಮ್ಮೆ ತೊಗಟೆಯೂ ಅಂಟಿಕೊಂಡಿರುತ್ತದೆ. ತೊಲೆ ಕೂರಿಸಿದ ಕಾಲಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ. ನಿಮ್ಮ ತೊಲೆ ಇಳಿಸಿದಾಗ ಬಿದ್ದ ಬೆಣೆ ಇನ್ನೂ ಅಂಗಳದಲ್ಲಿ ಎಲ್ಲಾದರೂ ಇದ್ದರೆ ಇವತ್ತೇ ಎತ್ತಿಡಿ. ಯಾವ ಕೀಲಿನದು ಎಂದು ಬರೆದಿಡಿ, ಫೋಟೋ ತೆಗೆಯಿರಿ. ಒರೆಸಬೇಡಿ, ಎಣ್ಣೆ ಸವರಬೇಡಿ, ಅಂಟು ಹಾಕಬೇಡಿ. ಹತ್ತಿ, ಬಟ್ಟೆ, ಪೇಪರ್‌ನಲ್ಲೂ ಸುತ್ತಬೇಡಿ, ಅವೆಲ್ಲ ಹೊಸ ಕಾರ್ಬನ್. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಒಣ ಡಬ್ಬಿಗೆ ಹಾಕಿ ಮುಚ್ಚಿ.